ಟೇಪೋ, ಕ್ಯಾಲಿಪರೋ, ಕ್ಯಾಮೆರಾವೋ: ಮೊಟ್ಟೆ ಇಡಲು ಬಂದ ಕಡಲಾಮೆಯ ಅಳತೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕತ್ತಲಲ್ಲಿ, ಮರಳಿನ ಮೇಲೆ, ಆಲಿವ್ ರಿಡ್ಲೆ ಆಮೆಯನ್ನು ಅಳೆಯುವುದಾದರೆ ನನ್ನ ಮತ ಫೈಬರ್‌ಗ್ಲಾಸ್ ಟೇಪಿಗೆ. ಕ್ಯಾಲಿಪರ್ ಅದಕ್ಕಿಂತ ನಿಖರ ಎಂದು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಒಡಿಶಾದ ಗಂಜಾಂ ಜಿಲ್ಲೆಯ ಋಷಿಕುಲ್ಯಾ ಅಳಿವೆಯ ಬಳಿ, ಅರಣ್ಯ ಇಲಾಖೆಯ ಅನುಮತಿ ಪಡೆದ ತಂಡದ ಜೊತೆ ಎರಡನ್ನೂ ಬಳಸಿ ನೋಡಿದ್ದೇನೆ. ಅನುಮತಿಯ ಮಾತು ಶಿಷ್ಟಾಚಾರಕ್ಕೆ ಸೇರಿಸಿದ್ದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಉತ್ಸಾಹ ಬಂತೆಂದು ಟೇಪು ಹಿಡಿದು ಹೊರಡುವಂತಿಲ್ಲ.

ಅಷ್ಟಕ್ಕೂ ಅಳೆಯುವುದೇಕೆ? ಹೆಣ್ಣಾಮೆ ಮೊಟ್ಟೆ ಇಡುವ ವಯಸ್ಸಿಗೆ ಬಂದ ಮೇಲೆ ಬೆಳೆಯುವುದು ತೀರಾ ನಿಧಾನ, ವರ್ಷಕ್ಕೆ ಕೆಲವು ಮಿಲಿಮೀಟರ್ ಇದ್ದರೆ ಹೆಚ್ಚು. ಹೀಗಿರುವಾಗ ಒಂದು ತೀರಕ್ಕೆ ಬರುವ ಆಮೆಗಳ ಸರಾಸರಿ ಗಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಮೊದಲ ಬಾರಿ ಮೊಟ್ಟೆ ಇಡುವ ಎಳೆಯ ಆಮೆಗಳು ಹೆಚ್ಚುತ್ತಿರಬಹುದು. ಇಲ್ಲವೇ ದೊಡ್ಡ ಆಮೆಗಳು ಬಲೆಗೆ ಸಿಕ್ಕಿ ಸಾಯುತ್ತಿರಬಹುದು. ಒಂದು ಶುಭ ಸುದ್ದಿ, ಇನ್ನೊಂದು ಅಶುಭ. ಕೇಪ್ ವರ್ಡೆಯ ಸಾಲ್ ದ್ವೀಪದಲ್ಲಿ ಲಾಗರ್‌ಹೆಡ್ ಆಮೆಗಳ ಗೂಡುಗಳು ಹೆಚ್ಚುತ್ತಾ ಹೋದಂತೆ ಸರಾಸರಿ ಗಾತ್ರ ಇಳಿದದ್ದು ದಾಖಲಾಗಿದೆ. ಅಲ್ಲಿ ಅದು ಶುಭ ಸುದ್ದಿಯೇ ಆಗಿತ್ತು. ಇಂಥ ಬದಲಾವಣೆ ಒಂದೆರಡು ಸೆಂಟಿಮೀಟರಿನಷ್ಟು. ಅಳೆಯುವವರ ಕೈಯಲ್ಲೇ ಅಷ್ಟು ಹೆಚ್ಚುಕಡಿಮೆಯಾದರೆ ಶ್ರಮವೆಲ್ಲ ನೀರುಪಾಲು.

ಟೇಪು ಅಳೆಯುವುದು ಬೆನ್ನುಚಿಪ್ಪಿನ ಬಾಗಿದ ಉದ್ದವನ್ನು: ಕುತ್ತಿಗೆಯ ಹಿಂದಿನ ಫಲಕದ ಅಂಚಿನಿಂದ ಹಿಡಿದು, ಉಬ್ಬಿನ ಮೇಲೆ ಹಾಯಿಸಿ, ಬಾಲದ ಮೇಲಿನ ಎರಡು ಫಲಕಗಳ ನಡುವಿನ ಕಚ್ಚಿನವರೆಗೆ. ಬೆಳೆದ ರಿಡ್ಲೆಯಲ್ಲಿ ಇದು 70 ಸೆಂಟಿಮೀಟರಿನ ಆಸುಪಾಸು. ಕೆಲವರು ಕಚ್ಚಿನ ಬದಲು ಫಲಕದ ತುದಿಯವರೆಗೆ ಅಳೆಯುತ್ತಾರೆ. ನನಗೆ ಅದು ಹಿಡಿಸದು. ತುದಿ ಮುರಿದ ಆಮೆಗಳು ಸಾಕಷ್ಟಿರುತ್ತವೆ. ಕಚ್ಚು ಅಷ್ಟು ಸುಲಭಕ್ಕೆ ಸವೆಯುವುದಿಲ್ಲ. ಟೇಪಿನ ಶತ್ರು ಬಾರ್ನಕಲ್, ಅಂದರೆ ಚಿಪ್ಪಿಗೆ ಅಂಟಿ ಬೆಳೆಯುವ ಗಟ್ಟಿ ಕವಚದ ಪುಟ್ಟ ಕಡಲಜೀವಿ. ಬೆನ್ನಿನ ನಡುಗೆರೆಯ ಮೇಲೆ ಒಂದು ಅಂಟಿಕೊಂಡಿದ್ದರೂ ಟೇಪು ಅದರ ಮೇಲೆ ಹತ್ತಿ ಇಳಿಯಬೇಕು, ಉದ್ದ ಸುಳ್ಳೇ ಹೆಚ್ಚುತ್ತದೆ. ಅದನ್ನು ಕೆರೆದು ತೆಗೆಯಲು ಹೋಗದೆ ಹಾಳೆಯಲ್ಲಿ ಬರೆದಿಡುವುದೇ ಸರಿ. ಬಟ್ಟೆ ಹೊಲಿಯುವ ಟೇಪು ಮಾತ್ರ ಬೇಡವೇ ಬೇಡ, ಅದು ಒದ್ದೆಯಾಗಿ ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಕೂಡ ಬಳಸುತ್ತಾ ಹಿಗ್ಗಬಹುದು, ಹಾಗಾಗಿ ಆಗಾಗ ಉಕ್ಕಿನ ಅಳತೆಪಟ್ಟಿಯ ಜೊತೆ ಇಟ್ಟು ನೋಡಬೇಕು. ಉಕ್ಕಿನ ಟೇಪನ್ನೇ ಒಯ್ಯಬಹುದಲ್ಲ ಎಂದರೆ, ಅದು ಚಿಪ್ಪಿಗೆ ಸರಿಯಾಗಿ ಬಾಗದು. ಉಪ್ಪುಗಾಳಿಗೆ ತುಕ್ಕೂ ಹಿಡಿಯುತ್ತದೆ.

ಕ್ಯಾಲಿಪರ್ ಎಂದರೆ ಮರದ ದಪ್ಪ ಅಳೆಯಲು ಅರಣ್ಯದವರು ಬಳಸುವ, ಎರಡು ದವಡೆಗಳ ಉದ್ದನೆಯ ಸಲಕರಣೆ. ಇದು ಅಳೆಯುವುದು ಎರಡು ತುದಿಗಳ ನಡುವಿನ ನೇರ ದೂರವನ್ನು, ಆದ್ದರಿಂದ ಬೆನ್ನಿನ ಮೇಲಿನ ಬಾರ್ನಕಲ್‌ಗಳ ಗೊಡವೆಯೇ ಇಲ್ಲ. ಒಂದೇ ಆಮೆಯನ್ನು ಮತ್ತೆ ಮತ್ತೆ ಅಳೆದಾಗ ಅಂಕಿಗಳು ಟೇಪಿನದ್ದಕ್ಕಿಂತ ಒಂದಕ್ಕೊಂದು ಹತ್ತಿರ ಬಂದವು. ಹಗಲಲ್ಲಿ, ಗಟ್ಟಿ ನೆಲದ ಮೇಲೆ, ಇದೇ ಗೆಲ್ಲುತ್ತಿತ್ತು. ಆದರೆ ಜಾರುವ ಭಾಗಕ್ಕೆ ಮರಳು ಹೊಕ್ಕರೆ ಕಥೆ ಮುಗಿಯಿತು. ಮೊಟ್ಟೆ ಇಟ್ಟ ಆಮೆ ಹಿಂಗಾಲುಗಳಿಂದ ಗುಂಡಿ ಮುಚ್ಚಿ, ದೇಹವನ್ನು ಅತ್ತಿತ್ತ ಹೊರಳಿಸಿ ಮರಳನ್ನು ಬಡಿದು ಕೂರಿಸುತ್ತದೆ. ರಿಡ್ಲೆಯ ಈ ಕುಣಿತದ ನಡುವೆ ಎರಡೂ ದವಡೆಗಳನ್ನು ನೇರವಾಗಿ ಹಿಡಿಯುವುದು ಸರ್ಕಸ್ಸೇ ಸರಿ. ಮೊಟ್ಟೆ ಇಡುವ ಮೊದಲು ಅಳೆಯೋಣವೆಂದರೆ ಬೆದರಿದ ಆಮೆ ಸಮುದ್ರಕ್ಕೆ ಮರಳಿಬಿಡಬಹುದು. ಸಾವಿರಾರು ಆಮೆಗಳು ಒಟ್ಟಿಗೆ ಏರಿಬಂದ ರಾತ್ರಿಯಂತೂ ಕ್ಯಾಲಿಪರ್ ಹಿಡಿದವರಿಗೆ ಕಾಲಿಡಲೂ ಜಾಗವಿರುವುದಿಲ್ಲ.

ಎರಡು ಅಳತೆಗಳನ್ನೂ ಒಂದೇ ಪಟ್ಟಿಯಲ್ಲಿ ಬೆರೆಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಗಿದ ಉದ್ದ ನೇರ ಉದ್ದಕ್ಕಿಂತ ಯಾವಾಗಲೂ ಹೆಚ್ಚು. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಬಹುದು ನಿಜ, ಆದರೆ ಆ ಸೂತ್ರ ಅದೇ ತೀರದ ಆಮೆಗಳನ್ನು ಎರಡೂ ಬಗೆಯಲ್ಲಿ ಅಳೆದು ಕಟ್ಟಿದ್ದಾಗಿರಬೇಕು.

ಕ್ಯಾಮೆರಾದ ಆಸೆ ಎಲ್ಲರಿಗೂ ಇದೆ, ಆಮೆಯನ್ನು ಮುಟ್ಟಬೇಕಾಗಿಲ್ಲವಲ್ಲ. ಸಾಮೂಹಿಕವಾಗಿ ಬರುವಾಗ ಬೆಳಗಾದ ಮೇಲೂ ಕೆಲವು ತೀರದಲ್ಲೇ ಇರುತ್ತವೆ. ಅಂಥವುಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದ ಚಿತ್ರ ತೆಗೆದು ನೋಡಿದೆ. ಪಟ್ಟಿ ಇರುವುದು ನೆಲದಲ್ಲಿ, ಚಿಪ್ಪು ಅದಕ್ಕಿಂತ ಮೇಲೆ, ಕ್ಯಾಮೆರಾಕ್ಕೆ ಹತ್ತಿರ. ಹಾಗಾಗಿ ಆಮೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಎತ್ತರಕ್ಕೆ ಹೋದಷ್ಟೂ ಈ ದೋಷ ತಗ್ಗುತ್ತದೆ. ಡ್ರೋನ್‌ಗೆ ಇರುವ ಅನುಕೂಲ ಅದೇ. ರಾತ್ರಿ ಮಾತ್ರ ಇದು ಪ್ರಯೋಜನಕ್ಕೆ ಬಾರದು, ಫ್ಲಾಶ್ ಬಳಸುವಂತಿಲ್ಲ. ಇನ್ನು ತೂಕದ ಮಾತು: 40 ಕಿಲೋ ಆಸುಪಾಸಿನ ಪ್ರಾಣಿಯನ್ನು ಬಲೆಯಲ್ಲಿ ನೇತುಹಾಕುವುದು ಹಿಂಸೆ, ನಾನು ಅದಕ್ಕೆ ಕೈ ಹಾಕಲೇ ಇಲ್ಲ.

ನಮ್ಮ ಹೊನ್ನಾವರ, ಕುಂದಾಪುರ ಕಡೆಯ ಲೆಕ್ಕವೇ ಬೇರೆ. ಇಲ್ಲಿ ಅಲ್ಲೊಂದು ಇಲ್ಲೊಂದು ಬರುವ ಆಮೆ ಕತ್ತಲಲ್ಲೇ ಹೊರಟುಹೋಗಿರುತ್ತದೆ. ಬೆಳಿಗ್ಗೆ ಸಿಗುವುದು ಜಾಡು ಮಾತ್ರ. ಅದರ ಅಗಲವನ್ನು ಅಳೆದರೆ ಯಾವ ಜಾತಿ ಎಂಬುದಕ್ಕೆ ಸುಳಿವು ಸಿಗುತ್ತದೆ. ರಿಡ್ಲೆಯ ಜಾಡು ಕಿರಿದು, ಎಡಬಲದ ಗುರುತುಗಳು ಒಂದಾದ ಮೇಲೊಂದು ಬೀಳುತ್ತವೆ. ಹಸಿರು ಆಮೆಯದು ಅಗಲ, ಎರಡೂ ಕಡೆಯ ಗುರುತು ಜೋಡಿಯಾಗಿರುತ್ತದೆ. ಅದೇ ಅಗಲದಿಂದ ಆ ಆಮೆಯ ಗಾತ್ರ ಹೇಳಹೊರಡುವುದು ಬೇಡ. ಒಂದೇ ಆಮೆಯ ಜಾಡು ಹಸಿ ಮರಳಿನಲ್ಲಿ ಒಂದು ಅಗಲ, ಒಣ ಮರಳಿನಲ್ಲಿ ಇನ್ನೊಂದು. ಹಾಳೆಯಲ್ಲಿ ಜಾತಿ, ಜಾಗ, ದಿನಾಂಕ ಬರೆದು ಗಾತ್ರದ ಅಂಕಣವನ್ನು ಖಾಲಿ ಬಿಡಿ.