21 ತಂತಿಗಳ ವಂಶಾವಳಿ

ಸುಗ್ಗಿ ಮುಗಿದ ಮೇಲೆ ಶಿರಾ ಕಡೆಯ ನಮ್ಮೂರಿಗೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದ ಹೆಳವರು, ಮನೆತನದ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಮೊರದ ತುಂಬ ರಾಗಿ ಪಡೆದು ಹೋಗುತ್ತಿದ್ದರು. ಪಶ್ಚಿಮ ಆಫ್ರಿಕಾದ ಮಾಂಡೆ ಜನರಲ್ಲಿ ಈ ಕೆಲಸ ಗ್ರಿಯೋಗಳದು. ಅವರು ಅದನ್ನು ಹಾಡಿ ಹೇಳುತ್ತಾರೆ. ಹೀಗಿರುವಾಗ ಮಾಲಿಯ ಗ್ರಿಯೋ ಮನೆತನದ ಕೋರಾ ವಾದಕ ತುಮಾನಿ ಡಿಯಾಬಾತೆಯವರ 2008ರ ಆಲ್ಬಂ 'ದಿ ಮಾಂಡೆ ವೇರಿಯೇಷನ್ಸ್'ನಲ್ಲಿ ಹಾಡೇ ಇಲ್ಲದಿರುವುದು ನನಗೆ ಮೊದಲು ಕೊರತೆಯೆನಿಸಿತ್ತು.

ಸೀಳಿದ ದೊಡ್ಡ ಸೋರೆಬುರುಡೆಗೆ ಹಸುವಿನ ಚರ್ಮ ಬಿಗಿದು, ಉದ್ದನೆಯ ಕೋಲು ತೂರಿಸಿ, 21 ತಂತಿ ಕಟ್ಟಿದ ವಾದ್ಯವೇ ಕೋರಾ. ನುಡಿಸುವುದು ಎರಡು ಹೆಬ್ಬೆರಳು, ಎರಡು ತೋರುಬೆರಳುಗಳಿಂದ ಮಾತ್ರ. ಹೆಬ್ಬೆರಳುಗಳು ಮಂದ್ರದಲ್ಲಿ ಒಂದೇ ಆವರ್ತವನ್ನು ಬಿಡದೆ ಹಿಡಿದಿರುವಾಗ ತೋರುಬೆರಳುಗಳಿಂದ ಸ್ವರಗಳು ಜೋಳ ಹುರಿದಂತೆ ಸಿಡಿಯುತ್ತವೆ. ಇಬ್ಬರು ನುಡಿಸುತ್ತಿದ್ದಾರೆಂದು ನನ್ನ ತಂಗಿ ಪಣವನ್ನೇ ಕಟ್ಟಿದಳು. ಒಬ್ಬರೇ ಎಂದು ಒಪ್ಪಿಸಲು ವಿಡಿಯೊ ತೋರಿಸಬೇಕಾಯಿತು.

ಡ್ರಮ್ಸ್, ಕೀಬೋರ್ಡ್ ಸೇರಿಸಿದರಷ್ಟೇ ಹೊಸತನವೆನ್ನುವವರು ತುಮಾನಿಯವರದೇ ವಾದ್ಯವೃಂದವಾದ ಸಿಮೆಟ್ರಿಕ್ ಆರ್ಕೆಸ್ಟ್ರಾದ ಧ್ವನಿಮುದ್ರಣಗಳನ್ನು ಕೇಳಲಿ, ಅವೂ ಸೊಗಸಾಗಿವೆ. ಈ ಆಲ್ಬಂನ ಹೊಸತನ ವಾದ್ಯದ ಒಳಗೇ ಇದೆ. ಚರ್ಮದ ಬಳೆಗಳಿಂದ ಶ್ರುತಿ ಮಾಡುವ ಸಾಂಪ್ರದಾಯಿಕ ಕೋರಾದ ಜತೆಗೆ, ಗಿಟಾರಿನಂತೆ ಬಿರಡೆ ತಿರುಗಿಸಿ ಶ್ರುತಿಗೂಡಿಸುವ ಕೋರಾವನ್ನೂ ಅವರು ಬಳಸಿದ್ದಾರೆ. ಕೊನೆಯ 'ಕ್ಯಾಂಟಲೋಸ್' ಶುರುವಾಗುವುದಂತೂ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರದ ಪ್ರಸಿದ್ಧ ಶಿಳ್ಳೆಯ ರಾಗದಿಂದ! ಮೊದಲ ಸಲ ನಾನು ಜೋರಾಗಿಯೇ ನಕ್ಕೆ. ಆ ಚೇಷ್ಟೆ ಎರಡೇ ಕ್ಷಣಗಳಲ್ಲಿ ಮಾಂಡೆ ಸಂಗೀತದಲ್ಲಿ ಕರಗಿಹೋಗುವ ಜಾಗವನ್ನು ಮಾತ್ರ ಎಷ್ಟು ಸಲ ಕೇಳಿದರೂ ಬೆರಳಿಟ್ಟು ತೋರಿಸಲಾಗಲಿಲ್ಲ.

ನಾನು ಕೇಳುವ ಆ್ಯಪ್‌ನ ಬಗ್ಗೆ ಒಂದು ತಕರಾರಿದೆ. ಈ ಆಲ್ಬಂನ 8 ರಚನೆಗಳಲ್ಲಿ ಒಂದರ ಹೆಸರು 'ಅಲಿ ಫರ್ಕಾ ಟೂರೆ', ಇನ್ನೊಂದರದು 'ಕೌಂಡಿಂಗ್ ಸಿಸೋಕೊ'. ಮೊದಲನೆಯವರು ತುಮಾನಿಯವರ ಜತೆ ನುಡಿಸಿದ, 2006ರಲ್ಲಿ ತೀರಿಕೊಂಡ ಮಾಲಿಯ ಗಿಟಾರ್ ವಾದಕರು. ಎರಡನೆಯವರು ಸೆನೆಗಲ್‌ನ ಕೋರಾ ವಾದಕರು. ಆ್ಯಪ್ ಇದಾವುದನ್ನೂ ಹೇಳುವುದಿಲ್ಲ. ಇದು ತಿಳಿದ ಮೇಲೆಯೇ ನನಗೆ ಹೊಳೆದದ್ದು, ಗ್ರಿಯೋ ತನ್ನ ಕೆಲಸ ಬಿಟ್ಟಿಲ್ಲ, ಹೋದವರ ಹೆಸರನ್ನು ಬಾಯಿಯ ಬದಲು ಬೆರಳಿನಿಂದ ಹೇಳುತ್ತಿದ್ದಾರೆ ಎಂದು. 2024ರ ಜುಲೈನಲ್ಲಿ ತುಮಾನಿಯವರೂ ತೀರಿಕೊಂಡರು.

ತುಮಕೂರು–ಬೆಂಗಳೂರು ರೈಲಿನಲ್ಲಿ ಇದನ್ನು ಕೇಳುವ ಪ್ರಯತ್ನ ಬೇಡ. ಚಕ್ರದ ಸದ್ದಿಗೆ ಮಂದ್ರದ ತಂತಿಗಳೆಲ್ಲ ಮುಳುಗಿ, ಹೆಬ್ಬೆರಳಿನ ಕೆಲಸವೇ ಕೇಳಿಸುವುದಿಲ್ಲ. ರಾತ್ರಿ ಊಟವಾದ ಮೇಲೆ, ಫ್ಯಾನನ್ನೂ ಆರಿಸಿ ಕೇಳಿ.