ಮಂಡಿಯ ಕಂದು ನೀರಿಗೆ ಹೆಸರಿಟ್ಟ ಆಸ್ಪತ್ರೆ: ರೋಗಿಯೊಬ್ಬನ ವಿಮರ್ಶೆ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೂಳೆಗೆಡ್ಡೆ ವಿಭಾಗದಲ್ಲಿ ನನ್ನ ಬಲಮಂಡಿಗೆ ಸಿಕ್ಕ ಚಿಕಿತ್ಸೆಯ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನಾಗಲಿ ವೈದ್ಯರ ಹೆಸರನ್ನಾಗಲಿ ಹೇಳುವುದಿಲ್ಲ. ಇಂಥ ವಿಭಾಗವನ್ನು ಹುಡುಕಿಕೊಂಡು ಹೋಗುವವರಿಗೆ ಅಲ್ಲಿ ಏನನ್ನು ಗಮನಿಸಬೇಕೆಂಬುದು ಹೆಸರಿಲ್ಲದೆಯೂ ತಿಳಿದೀತು. ನನ್ನ ಕಾಯಿಲೆಯನ್ನು ಪಿಗ್ಮೆಂಟೆಡ್ ವಿಲ್ಲೊನಾಡ್ಯುಲರ್ ಸೈನೊವೈಟಿಸ್, ಚಿಕ್ಕದಾಗಿ ಪಿವಿಎನ್‌ಎಸ್ ಎನ್ನುತ್ತಾರೆ. ಕೀಲಿನ ಒಳಗೋಡೆಗೆ ಅಂಟಿಕೊಂಡಿದ್ದು, ಕೀಲು ಸರಾಗವಾಗಿ ಆಡಲು ಬೇಕಾದ ಜಿಡ್ಡುನೀರನ್ನು ಒಸರುವ ತೆಳುಪೊರೆಯೇ ದಪ್ಪವಾಗಿ, ಗಂಟುಗಂಟಾಗಿ ಬೆಳೆದು, ಪದೇಪದೇ ರಕ್ತ ಜಿನುಗಿಸುವ ಕಾಯಿಲೆ ಇದು. ಕ್ಯಾನ್ಸರ್ ಅಲ್ಲ, ಆದರೆ ಸುಮ್ಮನೆ ಬಿಟ್ಟರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ.

ಇಲ್ಲಿಗೆ ಬರುವ ಮೊದಲಿನ ಎರಡು ವರ್ಷಗಳ ಕತೆಯನ್ನು ಹೇಳದೆ ಈ ವಿಭಾಗದ ಬೆಲೆ ಗೊತ್ತಾಗುವುದಿಲ್ಲ. ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. 34ನೇ ವಯಸ್ಸಿನಲ್ಲಿ ಮಂಡಿ ಊದಿಕೊಳ್ಳತೊಡಗಿತು. ನೋವಿಗಿಂತ ಬಿಗಿತವೇ ಹೆಚ್ಚು. ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರುವುದು ಮೊದಲು ನಿಂತಿತು, ಆಮೇಲೆ ಮೆಟ್ಟಿಲು ಇಳಿಯುವಾಗ ಕಾಲು ಸಿಕ್ಕಿಹಾಕಿಕೊಂಡಂತೆ ಆಗತೊಡಗಿತು. ಎಕ್ಸ್‌ರೇ ಸರಿಯಾಗಿದೆ ಎಂದರು, ಯೂರಿಕ್ ಆಮ್ಲ ಸರಿಯಾಗಿದೆ ಎಂದರು, ಸಂಧಿವಾತದ ರಕ್ತಪರೀಕ್ಷೆಯಲ್ಲೂ ಏನೂ ಇಲ್ಲ ಎಂದರು. ಮೂರು ಬಾರಿ ಮಂಡಿಯಿಂದ ನೀರು ತೆಗೆದರು. ಮೂರು ಸಲವೂ ಅದು ಹಳೆಯ ಕೊಳವೆಬಾವಿಯ ಮೊದಲ ನೀರಿನಂತೆ ಕೆಂಗಂದು ಬಣ್ಣದಲ್ಲಿ ಬಂತು, ಮೂರು ಸಲವೂ ‘ಎಲ್ಲೋ ಏಟು ಬಿದ್ದಿರಬೇಕು’ ಎಂಬ ಮಾತಿನೊಂದಿಗೆ ಸಿಂಕಿಗೆ ಹೋಯಿತು. ಕೊನೆಗೆ ಒಬ್ಬರು ಇದು ಕೀಲಿನ ಕ್ಷಯ ಇರಬಹುದೆಂದು ಊಹಿಸಿ, ಯಾವ ಮಾದರಿಯನ್ನೂ ಪರೀಕ್ಷೆಗೆ ಕಳುಹಿಸದೆ, ಮೂರು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ನಮ್ಮ ದೇಶದಲ್ಲಿ ಒಂದೇ ಮಂಡಿ ತಿಂಗಳುಗಟ್ಟಲೆ ಊದಿದರೆ ಕ್ಷಯವನ್ನು ಶಂಕಿಸುವುದು ತಪ್ಪಲ್ಲ. ಶಂಕೆಯನ್ನೇ ತೀರ್ಮಾನ ಮಾಡಿದ್ದು ತಪ್ಪು.

ಈ ಆಸ್ಪತ್ರೆಯಲ್ಲಿ ನನಗೆ ಮೊದಲು ಹಿಡಿಸಿದ್ದು ಯಂತ್ರಗಳಲ್ಲ, ಹೊರರೋಗಿ ವಿಭಾಗದಲ್ಲಿದ್ದ ಕಿರಿಯ ವೈದ್ಯೆ ಕೇಳಿದ ಪ್ರಶ್ನೆಗಳು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಮನೆಯ ಗಂಡಸರಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ತೊಂದರೆಯಾಗಿತ್ತೇ ಎಂದು ವಿಚಾರಿಸಿದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮರೋಗದಲ್ಲೂ (ಹಿಮೊಫಿಲಿಯಾ) ಕೀಲಿನೊಳಗೆ ಹೀಗೆಯೇ ರಕ್ತ ತುಂಬುತ್ತದಂತೆ. ಆಮೇಲೆ ನೀರು ತೆಗೆದು, ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನಗೂ ತೋರಿಸಿದರು. ಆರೋಗ್ಯವಂತರ ಕೀಲಿನ ನೀರು ತಿಳಿ ಹಳದಿ, ಒಣಹುಲ್ಲಿನ ಬಣ್ಣ. ಏಟು ಬೀಳದೆಯೇ ಪ್ರತಿ ಸಲ ಕಂದು ನೀರು ಬರುತ್ತಿದ್ದರೆ ಅದನ್ನು ಚೆಲ್ಲಬಾರದು ಎಂಬಷ್ಟು ಸಣ್ಣ ವಿವೇಕ ಎರಡು ವರ್ಷ ನನಗೆ ಸಿಕ್ಕಿರಲಿಲ್ಲ. ಆ ನೀರು ಜೀವಕೋಶಗಳ ಪರೀಕ್ಷೆಗೂ ಕಲ್ಚರ್‌ಗೂ ಕ್ಷಯದ ಸಿಬಿನ್ಯಾಟ್ ಪರೀಕ್ಷೆಗೂ ಅದೇ ದಿನ ಹೋಯಿತು.

ಎಂಆರ್‌ಐ ಚಿತ್ರಗಳನ್ನು ಹಿರಿಯ ಶಸ್ತ್ರವೈದ್ಯರು ಪರದೆಯ ಮೇಲೆ ಹಾಕಿ ವಿವರಿಸಿದ ರೀತಿಗೆ ಪೂರ್ಣಾಂಕ ಕೊಡುತ್ತೇನೆ. ಸಾಮಾನ್ಯವಾಗಿ ಊತವಿರುವ ಜಾಗ ಕೆಲವು ಬಗೆಯ ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತದೆ. ನನ್ನ ಮಂಡಿಯಲ್ಲಿ ಬೆಳ್ಳಗಿನ ನೀರಿನ ನಡುವೆ ಕಪ್ಪು ಹೂಕೋಸಿನಂಥ ತೇಪೆಗಳಿದ್ದವು. ಜಿನುಗಿದ ರಕ್ತದ ಕಬ್ಬಿಣಾಂಶವು ಹೀಮೊಸಿಡರಿನ್ ಎಂಬ ರೂಪದಲ್ಲಿ ಪೊರೆಯೊಳಗೇ ತಂಗಿ ಅದಕ್ಕೆ ತುಕ್ಕಿನ ಬಣ್ಣ ತರುತ್ತದೆ. ಆ ಕಬ್ಬಿಣವೇ ಯಂತ್ರದ ಕಾಂತಕ್ಷೇತ್ರವನ್ನು ಕದಡುವುದರಿಂದ ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಗ್ರೇಡಿಯೆಂಟ್ ಎಕೊ ಎಂಬ ಬಗೆಯ ಚಿತ್ರದಲ್ಲಿ ಕಪ್ಪು ಇನ್ನಷ್ಟು ಹರಡಿಕೊಳ್ಳುತ್ತದೆ; ಊರಿನಲ್ಲಿ ಮಾಡಿಸಿದ್ದ ಹಳೆಯ ಸ್ಕ್ಯಾನಿನಲ್ಲಿ ಅದನ್ನು ತೆಗೆದಿರಲೇ ಇಲ್ಲ. ಚಿತ್ರ ಇಷ್ಟು ಸ್ಪಷ್ಟವಾಗಿದ್ದರೂ ಅವರು ಸೂಜಿ ಬಯಾಪ್ಸಿ ಮಾಡಿಸಿ, ರೇಡಿಯಾಲಜಿ, ಪೆಥಾಲಜಿ ಮತ್ತು ಶಸ್ತ್ರಚಿಕಿತ್ಸೆಯ ಮೂವರೂ ಒಟ್ಟಿಗೆ ಕೂತು ಚರ್ಚಿಸಿದ ನಂತರವೇ ಕಾಯಿಲೆಯ ಹೆಸರನ್ನು ಕಾಗದದ ಮೇಲೆ ಬರೆದರು.

ಆ ಹೆಸರನ್ನು ನಮಗೆ ತಿಳಿಸುವ ವಿಷಯದಲ್ಲಿ ಮಾತ್ರ ಆಸ್ಪತ್ರೆಯವರು ಎಡವಿದರು. 1941ರಲ್ಲಿ ಜಾಫೆ, ಲಿಖ್ಟೆನ್‌ಸ್ಟೈನ್ ಮತ್ತು ಸುಟ್ರೊ ಎಂಬ ಮೂವರು ಈ ಕಾಯಿಲೆಗೆ ಪಿವಿಎನ್‌ಎಸ್ ಎಂಬ ಹೆಸರು ಕೊಟ್ಟಾಗ ಇದೊಂದು ಉರಿಯೂತವೆಂದೇ ಭಾವಿಸಿದ್ದರು. ಸಿಎಸ್‌ಎಫ್-1 ಎಂಬ ಪ್ರೋಟೀನಿನ ಜೀನ್ ಕೆಲವೇ ಕೋಶಗಳಲ್ಲಿ ಸ್ಥಾನಪಲ್ಲಟಗೊಂಡು, ಆ ಕೋಶಗಳು ಆ ಪ್ರೋಟೀನನ್ನು ಮಿತಿಮೀರಿ ತಯಾರಿಸಿ ರಕ್ತದಿಂದ ಬೇರೆ ಕೋಶಗಳನ್ನು ಕರೆದು ಗುಂಪು ಕಟ್ಟುತ್ತವೆ ಎಂಬುದು ಆಮೇಲೆ ತಿಳಿದದ್ದು. ಗೆಡ್ಡೆಯ ಬಹುಪಾಲು ಹೀಗೆ ಕರೆಗೆ ಓಗೊಟ್ಟು ಬಂದ ನೆಂಟರದೇ. ಹಾಗಾಗಿ ಈಗಿನ ಹೆಸರು ಟೀನೊಸೈನೊವಿಯಲ್ ಜೈಂಟ್ ಸೆಲ್ ಟ್ಯೂಮರ್. ಇದನ್ನೆಲ್ಲ ವೈದ್ಯರು ಸೊಗಸಾಗಿ ಹೇಳಿದರು, ಆದರೆ ಹೇಳಿದ್ದು ನಾಲ್ಕು ದಿನ ತಡವಾಗಿ. ಅಷ್ಟರೊಳಗೆ ವರದಿ ನನ್ನ ಮೊಬೈಲಿಗೆ ಬಂದು, ಅದರಲ್ಲಿದ್ದ ‘ಟ್ಯೂಮರ್’ ಎಂಬ ಒಂದು ಪದವನ್ನು ಓದಿದ ನನ್ನ ಹೆಂಡತಿ ನಾಲ್ಕು ರಾತ್ರಿ ನಿದ್ದೆಗೆಟ್ಟಳು. ‘ಮೇಷ್ಟ್ರೇ, ಇದು ಕ್ಯಾನ್ಸರ್ ಅಲ್ಲ’ ಎಂಬ ಒಂದು ಸಾಲನ್ನು ವರದಿಯ ಜೊತೆಗೇ ಫೋನಿನಲ್ಲಿ ಹೇಳಬಹುದಿತ್ತು. ವಿಮಾ ಕಂಪನಿಯವರು ಕೂಡ ಅದೇ ಪದವನ್ನು ಹಿಡಿದು ಎರಡು ಸಲ ಸ್ಪಷ್ಟೀಕರಣ ಕೇಳಿದ್ದರಿಂದ ಶಸ್ತ್ರಚಿಕಿತ್ಸೆಯ ದಿನಾಂಕ ಒಂದು ವಾರ ಮುಂದಕ್ಕೆ ಹೋಯಿತು; ಬಿಲ್ಲಿಂಗ್ ಕೌಂಟರಿನವರಿಗೆ ಈ ಕಾಯಿಲೆಯ ಗಂಧವೂ ಇರಲಿಲ್ಲ.

ಈ ಕಾಯಿಲೆಯಲ್ಲಿ ಎರಡು ಬಗೆ. ಒಂದೇ ಗಂಟಾಗಿ ನಿಲ್ಲುವ ಬಗೆಯನ್ನು ಕತ್ತರಿಸಿ ತೆಗೆದರೆ ಬಹುಮಟ್ಟಿಗೆ ಮುಗಿಯಿತು. ನನ್ನದು ಕೀಲಿನ ತುಂಬ ಹರಡುವ ಬಗೆ; ಇದು ಹೆಚ್ಚಾಗಿ ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ ಮತ್ತು ಪೊರೆಯ ಸ್ವಲ್ಪ ಭಾಗ ಉಳಿದರೂ ಮತ್ತೆ ಬೆಳೆಯಬಹುದು. ಮಂಡಿಯ ಮುಂಭಾಗವನ್ನು ಸಣ್ಣ ರಂಧ್ರಗಳ ಮೂಲಕ ಆರ್ತ್ರೊಸ್ಕೋಪಿಯಿಂದ ಶುಚಿ ಮಾಡಬಹುದಾದರೂ, ಹಿಂಭಾಗದಲ್ಲಿ ಕಾಲಿಗೆ ಹೋಗುವ ಮುಖ್ಯ ರಕ್ತನಾಳವೂ ನರವೂ ಇರುವುದರಿಂದ ಅಲ್ಲಿ ತೆರೆದ ಗಾಯವೇ ಬೇಕಾಗಬಹುದು ಎಂದು ಅವರು ಮೊದಲೇ ತಿಳಿಸಿದ್ದರು. ಎರಡನ್ನೂ ಒಂದೇ ಅರಿವಳಿಕೆಯಲ್ಲಿ, ಮೊದಲು ಅಂಗಾತ ಮಲಗಿಸಿ, ಆಮೇಲೆ ಬೋರಲಾಗಿ ಮಲಗಿಸಿ ಮಾಡಿದರು. ‘ಪೂರ್ತಿ ವಾಸಿ’ ಎಂಬ ಮಾತನ್ನು ಯಾರೂ ಬಳಸಲಿಲ್ಲ. ಮರುಕಳಿಸುವ ಸಾಧ್ಯತೆ ಕಡಿಮೆಯೇನಲ್ಲ ಎಂಬುದನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸುವ ಮುನ್ನ ಕನ್ನಡದಲ್ಲೇ ವಿವರಿಸಿದರು. ನನ್ನ ಅನುಭವದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಫಿಸಿಯೋಥೆರಪಿಯ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಪೊರೆಯನ್ನೆಲ್ಲ ಕೆರೆದು ತೆಗೆದ ಮಂಡಿ ಬಿಗಿದುಕೊಳ್ಳುವ ಅಪಾಯವಿದೆ, ಮೊದಲ ವಾರಗಳಲ್ಲಿ ಮಡಿಸಿದಷ್ಟೇ ಲಾಭ ಎಂದು ಶಸ್ತ್ರವೈದ್ಯರು ಒತ್ತಿ ಹೇಳಿದ್ದರು. ಆದರೆ ಮರುದಿನ ಭಾನುವಾರವಾಗಿದ್ದರಿಂದ ಫಿಸಿಯೋ ಬಂದದ್ದು ಸೋಮವಾರ ಮಧ್ಯಾಹ್ನ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು; ನಾನೇನೋ ಓದಿಕೊಂಡೆ, ಪಕ್ಕದ ಹಾಸಿಗೆಯಲ್ಲಿದ್ದ ರೈತ ಯಜಮಾನರಿಗೂ ಅದೇ ಹಾಳೆ ಕೊಟ್ಟದ್ದನ್ನು ನೋಡಿ ಬೇಸರವಾಯಿತು. ಮುನ್ನೂರೈವತ್ತು ಕಿಲೋಮೀಟರ್ ದೂರದಿಂದ ಬಂದವನು ವಾರಕ್ಕೆರಡು ಸಲ ಫಿಸಿಯೋಗೆ ಬರಲಾರನೆಂಬುದು ಯಾರ ಲೆಕ್ಕದಲ್ಲೂ ಇದ್ದಂತಿರಲಿಲ್ಲ. ಕೊನೆಗೆ ಸಾಗರದಲ್ಲೇ ಒಬ್ಬರನ್ನು ಗೊತ್ತುಮಾಡಿಕೊಂಡೆ. ಮಂಡಿ ಈಗ 120 ಡಿಗ್ರಿ ಮಡಿಯುವುದರಲ್ಲಿ ಅವರ ಪಾಲೂ ಇದೆ.

ಔಷಧಿಯ ಬಗ್ಗೆ ನಾನೇ ಕೇಳಿದೆ. ಸಿಎಸ್‌ಎಫ್-1ರ ಕರೆಯನ್ನು ತಡೆಯುವ ಪೆಕ್ಸಿಡಾರ್ಟಿನಿಬ್ ಮಾತ್ರೆಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಯಕೃತ್ತಿಗೆ ತೀವ್ರ ಹಾನಿಯಾಗುವ ಅಪಾಯವಿರುವುದರಿಂದ ಅದನ್ನು ಕಟ್ಟುನಿಟ್ಟಿನ ನಿಗಾದಲ್ಲೇ ಕೊಡಬೇಕೆಂದು ಅಲ್ಲಿ ಷರತ್ತು ಹಾಕಿದ್ದರು, ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ನಿರಾಕರಿಸಿತು. 2025ರಲ್ಲಿ ವಿಮ್‌ಸೆಲ್ಟಿನಿಬ್ ಎಂಬ ಇನ್ನೊಂದು ಮಾತ್ರೆಗೂ ಎಫ್‌ಡಿಎ ಒಪ್ಪಿಗೆ ದೊರೆಯಿತು. ಇವೆಲ್ಲ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚಾದೀತು ಎನ್ನುವವರಿಗೆ, ನಿಮಗೆ ಈಗ ಬೇಡ ಎಂದರು. ವಿಕಿರಣ ಚಿಕಿತ್ಸೆಯನ್ನು ಕೂಡ, ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಈ ವಯಸ್ಸಿನಲ್ಲಿ ಮೊದಲ ಹೆಜ್ಜೆಯಾಗಿ ಕೊಡುವುದಿಲ್ಲ ಎಂದು ಪಕ್ಕಕ್ಕಿಟ್ಟರು. ದುಬಾರಿ ದಾರಿಯನ್ನು ತಾವಾಗಿ ಬೇಡವೆನ್ನುವ ಖಾಸಗಿ ಆಸ್ಪತ್ರೆಯನ್ನು ನಾನು ಕಂಡದ್ದು ಇದೇ ಮೊದಲು.

ರೋಗನಿರ್ಣಯಕ್ಕೂ ಶಸ್ತ್ರಚಿಕಿತ್ಸೆಗೂ ಐದಕ್ಕೆ ಐದು, ಬಿಲ್ಲಿಂಗಿಗೂ ಫಿಸಿಯೋಗೂ ಎರಡು. ಹೋಗುವವರು ಹಳೆಯ ಸ್ಕ್ಯಾನ್‌ಗಳ ವರದಿಯನ್ನಷ್ಟೇ ಅಲ್ಲ, ಸಿಡಿಯನ್ನೂ ಒಯ್ಯಿರಿ. ಅವರು ವರದಿ ಓದುವುದಿಲ್ಲ, ಚಿತ್ರಗಳನ್ನೇ ನೋಡುತ್ತಾರೆ. ಆರು ತಿಂಗಳ ಸ್ಕ್ಯಾನಿನಲ್ಲಿ ಮಂಡಿಯ ಹಿಂಭಾಗದಲ್ಲಿ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಕಾಣಿಸಿತು. ಗಾಯದ ಕಲೆಯೂ ಇರಬಹುದು, ಉಳಿದ ಪೊರೆಯೂ ಇರಬಹುದು, ಬೆಳೆಯುತ್ತದೆಯೇ ಎಂದು ನೋಡೋಣ ಎಂದಿದ್ದಾರೆ. ಮುಂದಿನ ಸ್ಕ್ಯಾನ್ ಮಾರ್ಚ್ ತಿಂಗಳಿನಲ್ಲಿದೆ. ರಾತ್ರಿ ಬಸ್ಸಿಗೆ ಸೀಟು ಕಾದಿರಿಸಿದ್ದೇನೆ, ಬಲಗಾಲು ಚಾಚಲು ಅನುಕೂಲವಾಗುವ ಕಡೆಗೆ.