ಸೈನ್ಯದ ಹಳೇ ಮಳೆಕೋಟು ತರಿಸಿ ಡೇರೆ ಹಾಕೋಕೆ ಹೊರಟಿದ್ದೀರಾ? ಇದನ್ನ ಓದಿ

ಪೋಲೆಂಡ್ ಸೈನ್ಯದ ಹಳೇ ಕ್ಯಾನ್ವಾಸ್ ಮಳೆಕೋಟುಗಳ ವಿಡಿಯೊ ಈಗ ಚಾರಣದ ಹುಚ್ಚಿರುವ ಎಲ್ಲರ ಫೋನಿಗೂ ಬರುತ್ತಿದೆ. ತೋಳಿಲ್ಲದ, ಕಂಬಳಿಯ ಹಾಗೆ ಹೊದ್ದುಕೊಳ್ಳುವ ಕೋಟು ಇದು. ಎರಡು ತಗೊಳ್ಳಿ, ಒಂದಕ್ಕೊಂದು ಗುಂಡಿ ಹಾಕಿ, ನಡುವೆ ಒಂದು ಕಂಬ ನಿಲ್ಲಿಸಿ, ಮೇಲೆ ಚೂಪು ಕೆಳಗೆ ಅಗಲ ಇರುವ ಡೇರೆ ರೆಡಿ. ಹಗಲು ಮಳೆಗೆ ಹೊದ್ದುಕೊಳ್ಳಿ, ರಾತ್ರಿ ಅದರೊಳಗೇ ಮಲಗಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಕೊಳ್ಳುವ ಮುಂಚೆ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಮಳೆ ಬರುವ ದಿನ ಇದು ಕೋಟಾಗಬಹುದು, ಇಲ್ಲಾ ಡೇರೆಯಾಗಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ.

ನಾನು ಪೋಲೆಂಡ್‌ನ ವ್ರೊಟ್ಸ್ವಾಫ್ ಊರಿನಲ್ಲಿ ಕೆಲಸ ಮಾಡುತ್ತೇನೆ. ನಾನೂ ದಾವಣಗೆರೆಯ ಒಬ್ಬ ಗೆಳೆಯನೂ ಸೇರಿ ಆನ್‌ಲೈನ್ ಅಂಗಡಿಯೊಂದರಿಂದ ಒಂದು ಜೋಡಿ ತರಿಸಿದೆವು. ಫೋಟೊದಲ್ಲಿ ಹೊಸದರ ಹಾಗೆ ಇತ್ತು. ಡಬ್ಬ ಬಿಚ್ಚಿದಾಗ ಮೊದಲು ಬಂದಿದ್ದು ಮುಗ್ಗಲು ವಾಸನೆ. ಆಮೇಲೆ ಒಳಗಿನ ಮುದ್ರೆ ನೋಡಿದರೆ ಒಂದರ ಅಳತೆ 2, ಇನ್ನೊಂದರದು 3. ಈ ಕೋಟುಗಳು ಆಳಿನ ಎತ್ತರಕ್ಕೆ ತಕ್ಕಂತೆ 1, 2, 3 ಅಂತ ಬರುತ್ತವೆ. ಜೋಡಿಯ ಎರಡೂ ಒಂದೇ ಅಳತೆಯವು ಆಗಿರಲೇಬೇಕು. ಇಲ್ಲದಿದ್ದರೆ ಗುಂಡಿಗೆ ಕಾಜ ಸರಿಯಾಗಿ ಎದುರಾಗುವುದಿಲ್ಲ, ಕೆಳಗಿನ ಅಂಚೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ಅಂಗಡಿಯವರಿಗೆ ಬರೆದರೆ, ಸೈನ್ಯದ ಹಳೇ ಸರಕು ಅಂದ ಮೇಲೆ ಹೀಗೇ ಇರೋದು, ವಾಪಸ್ ಕಳಿಸುವ ಖರ್ಚು ನಿಮ್ಮದೇ ಅಂದರು. ಕಂಬವೂ ಗೂಟವೂ ಬೇರೆ ದುಡ್ಡಿಗೆ ಅನ್ನುವುದು ಸಣ್ಣಕ್ಷರದಲ್ಲಿತ್ತು.

ಹೋಗಿದ್ದು ಸುಡೆಟಿ ಬೆಟ್ಟಗಳ ಕಡೆಯ ಕಾಡಿಗೆ, ಅಕ್ಟೋಬರಿನಲ್ಲಿ. ಪೋಲೆಂಡ್‌ನಲ್ಲಿ ಕಂಡ ಕಂಡಲ್ಲಿ ಡೇರೆ ಹಾಕುವಂತಿಲ್ಲ. ಸರ್ಕಾರಿ ಅರಣ್ಯದವರು 2021ರ ಮೇನಿಂದ ಇದಕ್ಕಂತಲೇ ಕೆಲವು ಕಾಡುಗಳನ್ನು ಬಿಟ್ಟುಕೊಟ್ಟಿದ್ದಾರೆ. ಒಂಬತ್ತು ಜನರವರೆಗೆ, ಒಂದೇ ಕಡೆ ಎರಡು ರಾತ್ರಿಯವರೆಗೆ, ಮುಂಚೆ ಹೇಳದೆಯೂ ಉಳಿಯಬಹುದು. ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. ಆದರೆ ಬೇಕಾದಲ್ಲಿ ಬೆಂಕಿ ಹಾಕುವಂತಿಲ್ಲ, ಅದಕ್ಕೆ ಗೊತ್ತುಮಾಡಿದ ಜಾಗವೇ ಬೇಕು. ವಿಡಿಯೊದಲ್ಲಿ ಕಾಣುವ ಹಾಗೆ ಡೇರೆ ಮುಂದೆ ಬೆಂಕಿ ಕಾಯಿಸುತ್ತಾ ಕೂರುವ ಆಸೆ ಅಲ್ಲೇ ಮುಗಿಯಿತು.

ಮಧ್ಯಾಹ್ನ ಶುರುವಾದ ಮಳೆ ನಿಲ್ಲಲೇ ಇಲ್ಲ. ಕೋಟು ಹೊದ್ದುಕೊಂಡೇ ನಡೆದೆವು. ಒಣಗಿದ್ದಾಗಲೇ ಜೋಡಿ ಹತ್ತಿರ ಹತ್ತಿರ ಮೂರು ಕಿಲೋ ತೂಗುತ್ತದೆ. ನೀರು ಕುಡಿದ ಮೇಲೆ ಹೆಗಲು ಜಗ್ಗುತ್ತದೆ, ಅಂಚು ಮೊಣಕಾಲಿಗೆ ಬಡಿಯುತ್ತಾ ಪ್ಯಾಂಟನ್ನೂ ನೆನೆಸುತ್ತದೆ. ಕತ್ತಲಾಗುವ ಹೊತ್ತಿಗೆ ಅದೇ ಒದ್ದೆ ಬಟ್ಟೆಯನ್ನು ಮೈಮೇಲಿಂದ ತೆಗೆದು ಡೇರೆ ಮಾಡಬೇಕು. ಅಂದರೆ ಡೇರೆ ಏಳುವವರೆಗೂ ನಿಮ್ಮ ಮೈಮೇಲೆ ಏನೂ ಇಲ್ಲ, ಮಳೆಯಲ್ಲೇ ನಿಂತಿರಬೇಕು. ಇದನ್ನು ಯಾವ ವಿಡಿಯೊದಲ್ಲೂ ತೋರಿಸುವುದಿಲ್ಲ. ಎಲ್ಲರೂ ಬಿಸಿಲಿನಲ್ಲೇ ಗುಂಡಿ ಹಾಕುತ್ತಾರೆ.

ಆ ಗುಂಡಿಗಳದ್ದೇ ಒಂದು ಕಥೆ. ಹತ್ತಿ ನೂಲು ನೀರು ಹೀರಿ ಊದಿಕೊಂಡರೆ ಕಾಜ ಬಿಗಿಯಾಗುತ್ತದೆ. ಬೆರಳು ಮರಗಟ್ಟಿರುತ್ತದೆ. ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಎಳೆದು ಒಂದು ಗುಂಡಿ ತೂರಿಸುವಷ್ಟರಲ್ಲಿ ಕೆಳಗಿನದು ಬಿಚ್ಚಿಕೊಳ್ಳುತ್ತದೆ. ಅಳತೆ ಬೇರೆ ಬೇರೆ ಆಗಿದ್ದರಿಂದ ನಮ್ಮದರಲ್ಲಿ ನಡುನಡುವೆ ಬಾಯಿ ತೆರೆದುಕೊಂಡಿತ್ತು. ಎರಡು ಗುಂಡಿ ಹಳೇ ದಾರ ಕಿತ್ತು ಕೈಗೇ ಬಂದವು. ಕೊನೆಗೆ ಸಂದುಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿದೆವು.

ಒಳಗೆ ಸೇರಿದ ಮೇಲೂ ನೆಮ್ಮದಿ ಇಲ್ಲ. ಕ್ಯಾನ್ವಾಸ್ ನೀರು ತಡೆಯುವುದು ಪ್ಲಾಸ್ಟಿಕ್ ತಡೆಯುವ ರೀತಿಯಲ್ಲಲ್ಲ. ಎಳೆಗಳು ಒದ್ದೆಯಾಗಿ ಉಬ್ಬುತ್ತವೆ, ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ, ಹೊರಗಿನ ಹನಿ ಜಾರಿಹೋಗುತ್ತದೆ. ಒಳಗಿನಿಂದ ಬೆನ್ನೋ ಬ್ಯಾಗೋ ಒರಗಿತು ಅಂದರೆ ಆ ಜಾಗದಲ್ಲಿ ನೀರು ಈಚೆ ಬರುತ್ತದೆ, ಮತ್ತೆ ನಿಲ್ಲಿಸುವುದು ಕಷ್ಟ. ಸುತ್ತ ಇಳಿಜಾರು ಗೋಡೆ, ಒಳಗೆ ಇಬ್ಬರು ಗಂಡಸರು, ಎರಡು ಬ್ಯಾಗು. ಒರಗದೆ ಇರೋದು ಹೇಗೆ? ತೋಳು ಹೊರಹಾಕಲು ಬಿಟ್ಟ ಸೀಳುಗಳಿಂದಲೂ ಜಿನುಗುತ್ತಿತ್ತು. ಕೆಳಗೆ ನೆಲಹಾಸು ಅಂತ ಇರುವುದೇ ಇಲ್ಲ, ಅದನ್ನು ನಾವೇ ಒಯ್ಯಬೇಕು.

ಸ್ವಲ್ಪ ಹೊತ್ತಿಗೆ ಗೆಳೆಯ ಎದ್ದು ಕೂತ.

‘ಲೋ, ಹೊರಗೆ ಹೋಗ್ಬೇಕಲ್ಲೋ. ಮಳೆಕೋಟು ಎಲ್ಲಿ?’

‘ಅದರೊಳಗೇ ಕೂತಿದೀಯಲ್ಲೋ.’

ನಗು ಬಂತು. ನೆನೆದುಕೊಂಡೇ ಹೋಗಿ ಬಂದ. ಆಮೇಲೆ ನಡುಗುತ್ತಿದ್ದಾನೆ, ನಿಲ್ಲುತ್ತಲೇ ಇಲ್ಲ. ಅಲ್ಲಿಂದ ಮುಂದೆ ನಗುವ ವಿಷಯ ಇರಲಿಲ್ಲ.

ಚಳಿಗೆ ಏನಾದರೂ ಬಿಸಿ ಬೇಕು ಅಂತ ಗ್ಯಾಸ್ ಸ್ಟೌವನ್ನು ಒಳಗೇ ಹಚ್ಚಿ ಚಹಾಕ್ಕೆ ನೀರಿಟ್ಟೆವು. ಮಳೆ ಬೀಳುತ್ತದೆ ಅಂತ ಮೇಲಿನ ಕುತ್ತಿಗೆ ಭಾಗವನ್ನು ಹಗ್ಗದಲ್ಲಿ ಬಿಗಿದಿದ್ದೆವು. ಬೆಚ್ಚಗಾಯಿತು. ಹಾಯೆನಿಸಿತು. ಚಹಾ ಆದ ಮೇಲೂ ಬೆಚ್ಚಗಿರಲಿ ಅಂತ ಉರಿ ಸಣ್ಣಗೆ ಇಟ್ಟೇ ಕೂತೆವು. ಆಮೇಲೆ ನನಗೆ ತಲೆ ಭಾರ. ಅವನು ‘ತಲೆ ಸಿಡೀತಿದೆ, ವಾಂತಿ ಬರೋ ಹಾಗಿದೆ’ ಅಂದ. ಇಬ್ಬರಿಗೂ ಒಟ್ಟಿಗೇ ತಲೆನೋವು ಹೇಗೆ ಬಂತು ಅನ್ನುವ ಯೋಚನೆ ಬಂದಿದ್ದೇ ಸ್ಟೌ ಆರಿಸಿ, ಅಷ್ಟು ಕಷ್ಟಪಟ್ಟು ಹಾಕಿದ ಗುಂಡಿಗಳನ್ನೆಲ್ಲ ಕಿತ್ತು ಮಳೆಯಲ್ಲಿ ಹೋಗಿ ನಿಂತೆವು.

ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಒಣ ಕ್ಯಾನ್ವಾಸಿನ ಮೂಲಕ ಗಾಳಿ ಅಷ್ಟಿಷ್ಟು ಓಡಾಡುತ್ತದೆ. ನೀರು ತಡೆಯಲು ಮುಚ್ಚಿಕೊಳ್ಳುವ ಅದೇ ಸಂದುಗಳು ಗಾಳಿಯನ್ನೂ ತಡೆಯುತ್ತವೆ. ಅಂಥ ಕಡೆ ಸ್ಟೌವೋ ಕೆಂಡವೋ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ನಿದ್ದೆಯಲ್ಲಿ ಏನಾಯಿತು ಅಂತ ಗೊತ್ತೂ ಆಗುವುದಿಲ್ಲ. ಎಷ್ಟೇ ಚಳಿಯಿರಲಿ, ಎಷ್ಟೇ ಮಳೆಯಿರಲಿ, ಇದರೊಳಗೆ ಸ್ಟೌ ಹಚ್ಚಬೇಡಿ. ಸುಟ್ಟ ಕೆಂಡವನ್ನು ಬಾಣಲೆಯಲ್ಲಿ ತಂದು ಇಡಲೂಬೇಡಿ.

ಬೆಂಕಿಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಸೋರುವ ಹಳೇ ಕ್ಯಾನ್ವಾಸಿಗೆ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿಯಿರಿ ಅನ್ನುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1944ರ ಜುಲೈ 6ರಂದು ಸರ್ಕಸ್ ಡೇರೆಗೆ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಜನ ಸತ್ತರು. ಆ ಡೇರೆಗೆ ಮಳೆ ತಡೆಯಲು ಬಳಿದಿದ್ದು ಪೆಟ್ರೋಲಿನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣವೇ. ನಿಮ್ಮ ಕೈಗೆ ಬಂದ ಕೋಟಿಗೆ ಹಿಂದಿನವರು ಏನು ಬಳಿದಿದ್ದರೋ ಹೇಳುವವರಿಲ್ಲ.

ಬೆಳಿಗ್ಗೆ ಸುತ್ತಿ ಬ್ಯಾಗಿಗೆ ತುರುಕಿ ಮನೆಗೆ ತಂದೆವು. ಒಣಗಿಸೋದು ಎಲ್ಲಿ? ಬಾಡಿಗೆ ಫ್ಲ್ಯಾಟಿನ ಬಚ್ಚಲಲ್ಲಿ ನೇತುಹಾಕಿದರೆ ದಿನಗಟ್ಟಲೆ ಹನಿಯುತ್ತಲೇ ಇತ್ತು. ಮಡಿಕೆಗಳಲ್ಲಿ ಕಪ್ಪು ಚುಕ್ಕೆಗಳೆದ್ದವು. ಅದು ಬೂಷ್ಟು, ಹತ್ತಿಯನ್ನೇ ತಿನ್ನುತ್ತದೆ. ಗೂಟ ಹಾಕುವ ರಿಂಗಿನ ಪಕ್ಕ ಎರಡು ಕೈಯಲ್ಲಿ ಹಿಡಿದು ಎಳೆದೆ, ಹಳೇ ದಿಂಬಿನ ಚೀಲದ ಹಾಗೆ ಪರ್ರೆಂದು ಹರಿಯಿತು. ಸೋಪಿನ ಪುಡಿ ಹಾಕಿ ಒಗೆದರೆ ವಾಸನೆ ಹೋದೀತು, ಜೊತೆಗೆ ನೀರು ತಡೆಯುವ ಲೇಪವೂ ಹೋಗುತ್ತದೆ.

ಆಫೀಸಿನಲ್ಲಿ ಕಡ್ಡಾಯ ಸೈನಿಕ ಸೇವೆ ಮಾಡಿ ಬಂದ ಹಿರಿಯರೊಬ್ಬರಿಗೆ ಫೋಟೊ ತೋರಿಸಿದೆ. ‘ದುಡ್ಡು ಕೊಟ್ಟು ತಗೊಂಡ್ಯಾ?’ ಅಂದರು. ಸೈನ್ಯದ ಲೆಕ್ಕವೇ ಬೇರೆ. ಒಬ್ಬೊಬ್ಬನೂ ಒಂದೊಂದು ಭಾಗ ಹೊತ್ತು, ಸೇರಿದಾಗ ಡೇರೆ ಮಾಡಬೇಕು. ಜರ್ಮನ್ ಸೈನ್ಯ 1931ರಲ್ಲಿ ತಂದ ತ್ರಿಕೋನದ ಕೋಟುಗಳನ್ನು ನಾಲ್ಕು ಜನ ಸೇರಿಸಿ ಒಂದು ಡೇರೆ ಹಾಕುತ್ತಿದ್ದರು. ಸಿಪಾಯಿಯ ಸುಖಕ್ಕೆ ಮಾಡಿದ್ದಲ್ಲ ಅದು, ಹೊರೆ ಕಮ್ಮಿ ಮಾಡೋಕೆ ಮಾಡಿದ್ದು.

ಇಷ್ಟಾದರೂ ಬೇಕೇ ಬೇಕು ಅನ್ನುವವರು ಒಳಗಿನ ಅಳತೆ ಮುದ್ರೆಯ ಫೋಟೊ ತರಿಸಿಕೊಳ್ಳಿ, ಎರಡರದ್ದೂ. ಬಳಸದೆ ಉಳಿದ ಸರಕನ್ನೇ ಕೇಳಿ. ಕೈಗೆ ಬಂದ ದಿನವೇ ಅಂಚನ್ನೂ ಕಾಜವನ್ನೂ ಎಳೆದು ನೋಡಿ, ಹಿತ್ತಿಲಲ್ಲೋ ತಾರಸಿಯಲ್ಲೋ ಹಾಕಿ ಪೈಪಿನಲ್ಲಿ ನೀರು ಬಿಡಿ. ಚಾರಣಕ್ಕೆ ಹೋಗುವಾಗ ಮಳೆಗೆ ಬೇರೆಯೇ ಕೋಟು ಒಯ್ಯಿರಿ, ನೆಲಹಾಸೂ ಇರಲಿ. ಒಣ ಚಳಿಯಲ್ಲಿ, ಕಾರು ನಿಲ್ಲುವ ಜಾಗದ ಹತ್ತಿರ, ಇದು ಪರವಾಗಿಲ್ಲ.

ಶಿವಮೊಗ್ಗದ ತಮ್ಮನೊಬ್ಬ ಮಳೆಗಾಲದ ಕೊಡಚಾದ್ರಿಗೆ ಅಂತ ಒಂದು ಜೋಡಿ ತರಲು ಹೇಳಿದ್ದ. ಆಗಲ್ಲಪ್ಪ ಅಂದೆ. ಮಲೆನಾಡಿನ ಜುಲೈ ಮಳೆಯಲ್ಲಿ ಈ ಬಟ್ಟೆ ಒಮ್ಮೆ ನೆನೆದರೆ ಗಣಪತಿ ಹಬ್ಬದವರೆಗೂ ಒಣಗುವುದಿಲ್ಲ. ಕೆಳಗೆ ನೆಲಹಾಸಿಲ್ಲದ ಡೇರೆಯೊಳಗೆ ಉಂಬಳಗಳನ್ನು ತಡೆಯುವವರೂ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಟಾರ್ಪಾಲು, ಹತ್ತು ಮೀಟರ್ ನೈಲಾನ್ ಹಗ್ಗ ತಗೋ, ಕಾಡೊಳಗೆ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಇದೆಯಾ ಅಂತ ಮೊದಲು ವಿಚಾರಿಸು ಅಂತ ಹೇಳಿದ್ದೇನೆ.